ಕಿವಿಯಲ್ಲಿ ಹೇಳದ ನಾಲ್ಕು ಸಾಲು

ಹ್ಯೂಸ್ಟನ್ನಿನ ಕನ್ನಡ ನಾಟಕಗಳಿಗೆ ಇಪ್ಪತ್ತಾರು ವರ್ಷ ಪ್ರಾಂಪ್ಟರ್ ಆಗಿದ್ದವಳು ನಾನು. ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಮಾತು ಎತ್ತಿಕೊಡುವ ಕೆಲಸ. ನಾಟಕ ಗೆದ್ದರೆ ನಟರಿಗೆ ಹಾರ, ಬಿದ್ದರೆ ಪ್ರಾಂಪ್ಟರಿಗೆ ಬೈಗುಳ. ಕೊನೆಯಲ್ಲಿ ವಂದನೆ ಹೇಳುವಾಗ ಚಹಾ ಕಾಸಿದವರ ಹೆಸರೂ ಬರುತ್ತದೆ, ನನ್ನದು ಬರುವುದಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ದೂರಿಗಾಗಿಯೇ ಹೇಳುತ್ತಿದ್ದೇನೆ. ಮುಂದೆ ನಾನು ಮಾಡಿದ ಕೆಲಸಕ್ಕೆ ಈ ಹೊಟ್ಟೆಯುರಿಯೇ ಕಾರಣ, ಅದನ್ನು ಮುಚ್ಚಿಟ್ಟುಕೊಂಡು ಅನುಸೂಯಾ ಎಂಬ ನಟಿಯ ಕಥೆ ಹೇಳಲು ಬರುವುದಿಲ್ಲ.

ಪ್ರಾಂಪ್ಟರಿಗೆ ಪುಸ್ತಕ ಓದಲು ಬಂದರೆ ಸಾಲದು, ಮೌನವನ್ನು ಓದಲು ಬರಬೇಕು. ನನಗೆ ಇದನ್ನು ಕಲಿಸಿದವರು ಶ್ರೀಕಂಠಯ್ಯನವರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ರಾಕೆಟ್ಟಿನ ಲೆಕ್ಕ ಹಾಕುತ್ತಿದ್ದ ಹಿರಿಯ ಎಂಜಿನಿಯರು, ನಮ್ಮ ತಂಡದ ಮುಖ್ಯ ನಟರು. ನಾನು ಸೇರಿದ ಮೊದಲ ವರ್ಷ ಅವರದು ತಂದೆಯ ಪಾತ್ರ. ಮಗಳ ಮದುವೆ ಮುರಿದ ಸುದ್ದಿ ಕೇಳಿ ಸುಮ್ಮನೆ ನಿಂತುಬಿಟ್ಟರು. ಮರೆತರು ಅಂದುಕೊಂಡು ನಾನು ಮೂರನೇ ಸಾಲಿನವರಿಗೂ ಕೇಳುವ ಹಾಗೆ ಮುಂದಿನ ಮಾತು ಎತ್ತಿಕೊಟ್ಟೆ. ಸಭೆ ನಕ್ಕಿತು. ಅವರು ಮರೆತಿರಲಿಲ್ಲ, ಅಳು ನುಂಗುತ್ತಿದ್ದರು. ಅದಾದ ಮೇಲೆ ಎರಡು ವರ್ಷ ಅವರು ನನ್ನ ಜೊತೆ ಮಾತು ಬಿಟ್ಟರು. ಅಂದಿನಿಂದ ನಾನು ಗಟ್ಟಿ ಮಾಡಿಕೊಂಡ ನಿಯಮ ಇಷ್ಟೇ: ನಟ ಸುಮ್ಮನಿದ್ದರೆ ಆ ಮೌನ ಅವನದು. ಅವನು ಸನ್ನೆ ಮಾಡಿ ಕೇಳುವವರೆಗೆ ಬಾಯಿ ಬಿಡಬಾರದು.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಶ್ರಾವಣಿ ನನಗೆ ಫೋನ್ ಮಾಡಿದಳು. ಕ್ಲಿಯರ್ ಲೇಕ್‌ನಲ್ಲೇ ಬೆಳೆದ ಹುಡುಗಿ, ಚಿಕ್ಕವಳಿದ್ದಾಗ ನಮ್ಮ ನಾಟಕಗಳಲ್ಲಿ ಮೊಲ, ಗಿಳಿ ಆಗಿ ಕುಣಿದವಳು. ಈಗ ಆಸ್ಟಿನ್ನಿನಲ್ಲಿ ಸಿನಿಮಾ ನಿರ್ದೇಶಕಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳ ಹೊಸ ಚಿತ್ರದಲ್ಲಿ ಒಬ್ಬ ತಾಯಿ, ಒಬ್ಬ ಮಗಳು, ಅವರಿಬ್ಬರ ನಡುವೆ ಒಂದಷ್ಟು ಕನ್ನಡ ಮಾತು ಇವೆಯಂತೆ. ತಾಯಿಯ ಪಾತ್ರ ಮಾಡುವವಳೇ ಚಿತ್ರಕಥೆ ಬರೆದವಳು, ಬ್ರಿಟಿಷ್ ನಟಿ. ಅವಳಿಗೆ ಕನ್ನಡದ ಅಭ್ಯಾಸ ಮಾಡಿಸಬೇಕು, ಬರುತ್ತೀರಾ ಆಂಟಿ ಎಂದು ಕೇಳಿದಳು. ಬ್ರಿಟಿಷ್ ನಟಿಗೆ ಕನ್ನಡ ಕಲಿಸುವುದು ಎಮ್ಮೆಗೆ ಕುಣಿತ ಕಲಿಸಿದಷ್ಟೇ ಸುಲಭ ಇರಬೇಕು ಎಂದು ನಮ್ಮ ಮನೆಯವರು ಇರಣ್ಣ ನಕ್ಕರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಪ್ರದೇಶದಲ್ಲಿ ಮೂವತ್ತು ವರ್ಷ ಎಣ್ಣೆ ಕಂಪನಿಗೆ ದುಡಿದು ನಿವೃತ್ತರಾದ ಮೇಲೆ ಅವರಿಗೆ ನನ್ನನ್ನು ನೋಡಿ ನಗುವುದೊಂದೇ ಕೆಲಸ.

ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಡಾಲಸ್ ಕಡೆಯ ಮರ್ಫಿಗೆ ಹೋದೆ. ನಟಿ ಅಲ್ಲಿ ತನ್ನ ತಮ್ಮ ಪ್ರಶಾಂತನ ಮನೆಯಲ್ಲಿ ಇಳಿದುಕೊಂಡಿದ್ದಳು. ಬಾಗಿಲು ತೆರೆದ ಹೆಂಗಸಿಗೆ ಅರವತ್ತು ಇರಬಹುದು. ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಉದ್ದನೆಯ ಕತ್ತು, ಕಾಲಿಗೆ ತಮ್ಮನ ಚಪ್ಪಲಿ. "ಬನ್ನಿ ಅಕ್ಕ, ಕಾಲಿಗೆ ನೀರು ಕೊಡ್ಲಾ?" ಅಂದಳು. ಅಮೆರಿಕದಲ್ಲಿ ಇಷ್ಟು ವರ್ಷ ಇದ್ದ ನನಗೆ ಯಾರೂ ಆ ಮಾತು ಕೇಳಿರಲಿಲ್ಲ.

ಅನುಸೂಯಾ ವೆಂಕಟಗಿರಿ ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಮೈಸೂರಿನಿಂದ ಹೋದ ತಂದೆ ಡಾಕ್ಟರು, ತಾಯಿ ಅದೇ ಆಸ್ಪತ್ರೆಯಲ್ಲಿ ನರ್ಸು, ಇಬ್ಬರಿಗೂ ಪಾಳಿಯ ಕೆಲಸ. ಎಂಟು ತಿಂಗಳ ಕೂಸನ್ನು ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಮೈಸೂರಿನ ದೊಡ್ಡಮ್ಮನ ಮನೆಗೆ ಕಳಿಸಿದರು. ಆ ಕಾಲದಲ್ಲಿ ಅಲ್ಲಿದ್ದ ಎಷ್ಟೋ ಮಂದಿ ಹಾಗೆ ಮಾಡುತ್ತಿದ್ದರಂತೆ. ಒಂದು ವರ್ಷಕ್ಕೆಂದು ಕಳಿಸಿದ್ದು ಒಂಬತ್ತು ವರ್ಷವಾಯಿತು. ನಡುವೆ ಪ್ರಶಾಂತ್ ಹುಟ್ಟಿದ, ಅವನನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಕೊನೆಗೆ ಕರೆಸಿಕೊಂಡಾಗ ಅನುಸೂಯಾಳಿಗೆ ದೊಡ್ಡಮ್ಮನ ಬೀದಿಯವರೆಲ್ಲ ಗೊತ್ತಿದ್ದರು, ಹೆತ್ತವಳೊಬ್ಬಳೇ ಗೊತ್ತಿರಲಿಲ್ಲ.

ಲೆಸ್ಟರ್‌ನ ಶಾಲೆಯಲ್ಲಿ ಯಾರೂ ತನ್ನನ್ನು ನೋಡಿ ನಗಬಾರದೆಂದು ಅವಳು ಅಕ್ಕಪಕ್ಕದ ಹುಡುಗಿಯರ ಇಂಗ್ಲಿಷನ್ನು ಹಾಗೇ ಅನುಕರಿಸಿ ಮಾತಾಡಿದಳು. ನಟನೆ ಶುರುವಾದದ್ದು ಅಲ್ಲಿಂದ. ಲಂಡನ್ನಿನಲ್ಲಿ ರಂಗಶಾಲೆ ಮುಗಿಸಿದಳು. ಟಿ.ವಿ.ಯವರಿಗೆ ವೆಂಕಟಗಿರಿ ಎನ್ನಲು ಬಾರದೆ ಅನು ಗಿರಿ ಮಾಡಿದರು. ಮೂವತ್ತು ವರ್ಷದಲ್ಲಿ ಏಳು ಸಲ ನರ್ಸು, ನಾಲ್ಕು ಸಲ ಅಂಗಡಿಯವನ ಹೆಂಡತಿ, ಕೆಟ್ಟ ಮಗನ ತಾಯಿ ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ನ್ಯಾಯಾಧೀಶೆ ಆಗಿದ್ದೆ ಅಕ್ಕ, ಆದರೆ ಮಾತೇ ಇರಲಿಲ್ಲ ಎಂದು ನಗುತ್ತ ಹೇಳಿದಳು. ನಲವತ್ತು ದಾಟಿದ ಮೇಲೆ, ತನಗೆ ಬೇಕಾದ ಮಾತು ಯಾರೂ ಬರೆದುಕೊಡುವುದಿಲ್ಲ ಎಂದು ತಾನೇ ಬರೆಯಲು ಕೂತಳು. ಇಬ್ಬರು ನರ್ಸುಗಳ ಮೇಲೆ ಬರೆದ ಒಂದು ಟಿ.ವಿ. ಚಿತ್ರಕ್ಕೆ ಪ್ರಶಸ್ತಿ ಬಂತು, ಅದರಲ್ಲಿ ಅವಳಿಗೆ ಪಾತ್ರ ಕೊಡಲಿಲ್ಲ.

ಆಮೇಲೆ ಬರೆದದ್ದೇ ಈ ಚಿತ್ರಕಥೆ. ಹನ್ನೊಂದು ವರ್ಷ, ಹದಿನಾಲ್ಕು ಸಲ ತಿದ್ದಿದ್ದಾಳೆ. ಲಂಡನ್ನಿನವರು ಕಥೆ ಚೆನ್ನಾಗಿದೆ, ತಾಯಿಯ ಪಾತ್ರಕ್ಕೆ ಹೆಸರಿರುವವಳು ಬೇಕು ಅಂದರು. ಅವಳು ಕೊಡಲಿಲ್ಲ. ಅವರಿವರ ಕೈ ದಾಟಿ ಅದು ಆಸ್ಟಿನ್ನಿನ ಶ್ರಾವಣಿಗೆ ಸಿಕ್ಕಿತು. ಟೆಕ್ಸಾಸಿನಲ್ಲೇ ತೆಗೆಯಬೇಕು ಎಂಬ ಒಂದು ಷರತ್ತಿನ ಮೇಲೆ ಕೆಲಸ ಕೂಡಿ ಬಂತು. ಕಥೆಯಲ್ಲಿದ್ದ ಲೆಸ್ಟರ್ ಹ್ಯೂಸ್ಟನ್ ಆಯಿತು, ಮಳೆ ಬಿಸಿಲಾಯಿತು. ಅವಳು ಎಲ್ಲದಕ್ಕೂ ಒಪ್ಪಿದಳು. ಒಂದನ್ನು ಮಾತ್ರ ಯಾರೂ ಮುಟ್ಟುವ ಹಾಗಿರಲಿಲ್ಲ. ಬೆಳೆದ ಮಗಳು ಊಟದ ಮೇಜಿನಲ್ಲಿ ತಾಯಿಯನ್ನು "ನನ್ನ ಯಾಕೆ ದೂರ ಕಳಿಸ್ದೆ?" ಎಂದು ಕೇಳುತ್ತಾಳೆ. ಅದಕ್ಕೆ ತಾಯಿಯ ಉತ್ತರ ನಾಲ್ಕು ಸಾಲು. ಇಡೀ ಚಿತ್ರಕಥೆ ಇಂಗ್ಲಿಷಿನಲ್ಲಿ ಹುಟ್ಟಿದ್ದು, ಈ ನಾಲ್ಕು ಸಾಲು ಮೊದಲಿನಿಂದ ಕನ್ನಡದಲ್ಲೇ ಇದ್ದವು.

"ನಿನ್ನ ಹತ್ರ ಇಟ್ಕೊಳ್ಳೋಕೆ ಆಗ್ತಿರಲಿಲ್ಲ ಅಂತ ಎಲ್ಲರಿಗೂ ಹೇಳ್ದೆ, ಅದು ಸುಳ್ಳು. ಒಂದು ವರ್ಷ ಅಂದ್ಕೊಂಡು ಕಳಿಸ್ದೆ. ಆಮೇಲೆ ನೀನಿಲ್ದೆ ಇರೋದು ರೂಢಿ ಆಗೋಯ್ತು, ರೂಢಿ ಆಯ್ತಲ್ಲ ಅಂತ ನಾಚಿಕೆ ಆಯ್ತು. ಆ ನಾಚಿಕೆಗೆ ಹೆದರಿ ಬರಲಿಲ್ಲ ಕಣೇ, ಕೆಲಸ ಇತ್ತು ಅಂತ ಅಲ್ಲ."

ಓದಿ ಮುಗಿಸಿ, ನಿಮ್ಮ ತಾಯಿ ಹೀಗೆ ಹೇಳಿದ್ದರೇ ಎಂದು ಕೇಳಿದೆ. ಇಲ್ಲ ಅಂದಳು. ಒಂಬತ್ತನೇ ವಯಸ್ಸಿನಿಂದ ಅಮ್ಮ ಸಾಯುವವರೆಗೆ ಮೂವತ್ತು ಸಲವಾದರೂ ಕೇಳಿದ್ದಳಂತೆ. ಅಮ್ಮ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳಂತೆ, ಒಂದು ಸಲವೂ ಬಾಯಿ ಬಿಡಲಿಲ್ಲ. "ಅದಕ್ಕೇ ಅಕ್ಕ, ಅವಳ ಪರವಾಗಿ ನಾನೇ ಹೇಳ್ಬೇಕು. ಅಷ್ಟಕ್ಕೇ ಈ ಸಿನಿಮಾ," ಅಂದಳು.

ಅವಳ ಕನ್ನಡಕ್ಕೆ ನಾನು ಕಲಿಸುವುದೇನೂ ಇರಲಿಲ್ಲ. ದೊಡ್ಡಮ್ಮನ ಮನೆಯ ಮಾತು ಮಾಸದೆ ಹಾಗೇ ಇತ್ತು. ಆದರೆ ಮೂರನೇ ದಿನದ ಅಭ್ಯಾಸದ ಹೊತ್ತಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಟರು ಮರೆಯುವುದು ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ನೂರಾರು ಜನರಿಗೆ ಎತ್ತಿಕೊಟ್ಟಿದ್ದೇನೆ, ಎಲ್ಲರೂ ಅಲ್ಲೇ ಎಡವುತ್ತಾರೆ. ಅನುಸೂಯಾ ವಾಕ್ಯದ ನಟ್ಟನಡುವೆ ನಿಲ್ಲುತ್ತಿದ್ದಳು. ನಿಂತವಳ ಕಣ್ಣು ಮುಂದಿನ ಶಬ್ದ ಹುಡುಕುತ್ತಿರಲಿಲ್ಲ, ತಾನು ಏನೋ ಹುಡುಕಬೇಕು ಎಂಬುದೇ ಅದರಲ್ಲಿ ಇರುತ್ತಿರಲಿಲ್ಲ.

ಪುಸ್ತಕ ಮುಚ್ಚಿ ನೇರವಾಗಿ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಲಂಡನ್ನಿನ ಡಾಕ್ಟರು ಎಂಟು ತಿಂಗಳ ಹಿಂದೆಯೇ ಇದು ಮರೆವಿನ ರೋಗ ಎಂದು ಹೇಳಿದ್ದರು. ಪ್ರಶಾಂತನೊಬ್ಬನಿಗೆ ಗೊತ್ತು. ಚಿತ್ರಕ್ಕೆ ವಿಮೆ ಕೊಡುವವರಿಗೆ ತಿಳಿದರೆ ಚಿತ್ರ ನಿಲ್ಲುತ್ತದೆ, ಇಲ್ಲವೇ ಅವಳ ಪಾತ್ರ ಬೇರೆಯವರಿಗೆ ಹೋಗುತ್ತದೆ. ತನಗಿನ್ನು ಒಂದು ವರ್ಷದ ನೆನಪು ಇರಬಹುದು, ಶೂಟಿಂಗ್ ಇರುವುದು ಇಪ್ಪತ್ತೆರಡು ದಿನ, ನೀವು ಜೊತೆಗಿದ್ದರೆ ದಾಟಿಬಿಡುತ್ತೇನೆ ಎಂದು ಕೈ ಹಿಡಿದುಕೊಂಡಳು. ನನಗೆ ಅಳು ಬಂತು, ಜೊತೆಗೆ ಹೆಮ್ಮೆಯೂ ಬಂತು. ಲಂಡನ್ನಿನ ನಟಿಗೆ ಹುಬ್ಬಳ್ಳಿಯ ವಿದ್ಯಾವತಿ ಬೇಕಾದಳಲ್ಲ ಎಂಬ ಹೆಮ್ಮೆ.

ಉಪಾಯ ಅವಳದೇ. ಕಡಲೆಕಾಳಿನಷ್ಟು ಚಿಕ್ಕದೊಂದು ಯಂತ್ರ ಕಿವಿಯೊಳಗೆ ಕೂರುತ್ತದೆ. ನಾನು ಪಕ್ಕದ ಕೋಣೆಯಲ್ಲಿ ಚಿತ್ರಕಥೆ ಹಿಡಿದು, ಪರದೆಯಲ್ಲಿ ಅವಳ ಮುಖ ನೋಡುತ್ತ, ಮೈಕಿನಲ್ಲಿ ಮೆಲ್ಲಗೆ ಹೇಳಿದರೆ ಅವಳೊಬ್ಬಳಿಗೇ ಕೇಳುತ್ತದೆ. ಉದ್ದನೆಯ ಕನ್ನಡ ಮಾತು ಬಾಯಿಗೆ ಕೂತಿಲ್ಲ, ಅದಕ್ಕೆ ಬೇಕು ಎಂದು ಶ್ರಾವಣಿಗೆ ಹೇಳಿದೆವು. ಎಷ್ಟೋ ನಟರು ಹಾಗೆ ಮಾಡುತ್ತಾರೆ, ಪರವಾಗಿಲ್ಲ ಅಂದಳು ಅವಳು.

ನಿಯಮ ಮಾಡಿದ್ದು ಮಾತ್ರ ನಾನು. ಶ್ರೀಕಂಠಯ್ಯನವರ ಕಥೆಯನ್ನು ಅನುಸೂಯಾಳಿಗೆ ಹೇಳಿ, ನಿಮ್ಮ ಮೌನದೊಳಗೆ ನಾನು ಕಾಲಿಡುವುದಿಲ್ಲ, ಮಾತು ಬೇಕಾದಾಗ ಹೆಬ್ಬೆರಳಿನಿಂದ ಉಂಗುರದ ಬೆರಳು ಉಜ್ಜಿದರೆ ಸಾಕು, ಕೂಡಲೇ ಕೊಡುತ್ತೇನೆ ಅಂದೆ. ಅವಳಿಗೆ ಇದು ಬಹಳ ಹಿಡಿಸಿತು. ಇಷ್ಟು ಮರ್ಯಾದೆ ಕೊಡುವವರು ಲಂಡನ್ನಿನಲ್ಲೂ ಇಲ್ಲ ಅಕ್ಕ ಅಂದಳು. ಎಲ್ಲ ಮರೆತವಳಿಗೆ ಸನ್ನೆಯೊಂದು ಮಾತ್ರ ನೆನಪಿರಬೇಕು ಎಂದು ನಾವಿಬ್ಬರೂ ಕೂತು ಕರಾರು ಮಾಡಿಕೊಂಡಿದ್ದೆವು. ಅದರ ಪೆದ್ದತನ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ನಾನು ಮಾತು ಮರೆತವರನ್ನು ಕಂಡಿದ್ದೆ. ತಾನು ಮರೆತಿದ್ದೇನೆ ಎಂಬುದನ್ನೇ ಮರೆಯುವವರನ್ನು ಕಂಡಿರಲಿಲ್ಲ.

ಮೊದಲ ಹದಿನಾರು ದಿನ ಎಲ್ಲ ಸರಿಯಾಗಿ ನಡೆಯಿತು. ದಿನಕ್ಕೆ ನಾಲ್ಕೈದು ಸಲ ಬೆರಳು ಉಜ್ಜುತ್ತಿದ್ದಳು, ನಾನು ಕೊಡುತ್ತಿದ್ದೆ, ಅವಳು ನೂಲು ಹರಿಯದ ಹಾಗೆ ಹಿಡಿದುಕೊಳ್ಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕೂತ ನನಗೆ, ಅವಳ ಬಾಯಿಯಿಂದ ಬರುವ ಮಾತು ನನ್ನ ಬಾಯಿಯದೇ ಅನ್ನಿಸುತ್ತಿತ್ತು. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಕೆಲಸ ಮಾಡಿದ್ದಿಲ್ಲ.

ಹದಿನೇಳನೇ ದಿನ ಊಟದ ಮೇಜಿನ ದೃಶ್ಯ. ಕ್ಲಿಯರ್ ಲೇಕ್‌ನ ಒಂದು ಹಳೆಯ ಮನೆ. ಮಗಳ ಪಾತ್ರದ ಹುಡುಗಿ ನೇಹಾ, ಅಲ್ಲೇ ಹುಟ್ಟಿದವಳು. ಮೊದಲ ಟೇಕಿನಲ್ಲಿ ವಿಮಾನದ ಸದ್ದು ಬಂತು, ಎರಡನೆಯದರಲ್ಲಿ ನೇಹಾ ನೀರಿನ ಲೋಟ ಉರುಳಿಸಿದಳು. ಎರಡೂ ಸಲ ಕಥೆ ಪ್ರಶ್ನೆಯವರೆಗೂ ಮುಟ್ಟಲಿಲ್ಲ. ಕಿಟಕಿಯ ಬೆಳಕು ಇಳಿಯುತ್ತಿತ್ತು. ಮೂರನೆಯದರಲ್ಲಿ ನೇಹಾ ಸರಿಯಾಗಿ ಕೇಳಿದಳು, ನನ್ನ ಯಾಕೆ ದೂರ ಕಳಿಸ್ದೆ ಎಂದು.

ಅನುಸೂಯಾ ಅವಳನ್ನು ನೋಡಿದಳು. ನಾನು ಪರದೆಯಲ್ಲಿ ಅವಳ ಕೈ ನೋಡಿದೆ. ಬೆರಳು ಅಲುಗಲಿಲ್ಲ. ರೂಢಿಯಂತೆ ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಹತ್ತಾಯಿತು, ಇಪ್ಪತ್ತಾಯಿತು. ಅವಳ ಮುಖದ ಮೇಲೆ ಏನೋ ಬಂದು ಏನೋ ಹೋಗುತ್ತಿತ್ತು. ತುಟಿ ಸ್ವಲ್ಪ ತೆರೆಯಿತು, ಮುಚ್ಚಿತು. ಎದುರಿಗೆ ಕೂತ ಹುಡುಗಿ ಯಾರು, ಯಾಕೆ ತನ್ನನ್ನು ಹೀಗೆ ನೋಡುತ್ತಿದ್ದಾಳೆ ಎಂದು ಅರ್ಥವಾಗದವಳ ಹಾಗೆ ತಲೆ ತುಸು ವಾಲಿತು. ಎಂಥ ನಟಿ ಅಂದುಕೊಂಡೆ. ಮೈಕಿನ ಗುಂಡಿಯ ಮೇಲೆ ನನ್ನ ಬೆರಳಿತ್ತು, ನಾಲ್ಕು ಸಾಲು ನಾಲಗೆಯ ತುದಿಯಲ್ಲಿದ್ದವು. ನಾನು ಒತ್ತಲಿಲ್ಲ. ನಲವತ್ತೊಂದು ಎಣಿಸಿದಾಗ ಅವಳು ಮೇಜಿನ ಮೇಲೆ ಬಿದ್ದಿದ್ದ ಒಂದು ಅನ್ನದ ಅಗುಳನ್ನು ಹೆಕ್ಕಿ ತಟ್ಟೆಗೆ ಹಾಕಿದಳು. ಶ್ರಾವಣಿ ಕಟ್ ಅಂದಳು. ಕ್ಯಾಮೆರಾದವರು, ದೀಪದವರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಒಳಗೆ ಹೋದಾಗ ಅವಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ನನ್ನ ತೋಳು ಹಿಡಿದುಕೊಂಡಳು.

"ಎಲ್ಲಿ ಹೋಗಿದ್ರಿ ಅಕ್ಕ? ನಾನು ಕಾಯ್ತಾ ಇದ್ದೆ."

ಅದು ನಟನೆಯಲ್ಲ, ಅವಳು ಮರೆತಿದ್ದಳು ಎಂದು ಆಗ ತಿಳಿಯಿತು. ಅಷ್ಟರಲ್ಲಿ ಶ್ರಾವಣಿ ಬಂದು ಅವಳನ್ನು ತಬ್ಬಿಕೊಂಡು ಅತ್ತಳು. ಈ ದೃಶ್ಯ ಮುಗಿಯಿತು, ಇನ್ನೊಂದು ಟೇಕ್ ಬೇಡ ಅಂದಳು. ಬೆಳಕೂ ಹೋಗಿತ್ತು. ಅನುಸೂಯಾ ಯಾರದೋ ಮನೆಗೆ ಬಂದ ನೆಂಟಳ ಹಾಗೆ ಎಲ್ಲರಿಗೂ ನಕ್ಕಳು.

ಮಾರನೆಯ ಬೆಳಿಗ್ಗೆ ಅವಳು ಪೂರ್ತಿ ತಿಳಿಯಾಗಿದ್ದಳು, ಸಿಟ್ಟಿನಿಂದ ಉರಿಯುತ್ತಿದ್ದಳು. ನಾಲ್ಕು ಸಾಲು ಹೇಳಿಯೇ ಇಲ್ಲ, ಮತ್ತೆ ತೆಗೆಯಲೇಬೇಕು ಎಂದು ಶ್ರಾವಣಿಯ ಹತ್ತಿರ ಹೋದಳು. ಶ್ರಾವಣಿ ನಯವಾಗಿ, ಆ ಮೌನದ ಮುಂದೆ ಯಾವ ಮಾತೂ ನಿಲ್ಲುವುದಿಲ್ಲ, ಎಡಿಟಿಂಗಿನಲ್ಲಿ ನೋಡೋಣ, ಹೇಗೂ ತಿಂಗಳ ಮೇಲೆ ಉಳಿದ ಚೂರುಪಾರು ತೆಗೆಯಲು ಒಂದು ದಿನ ಇಟ್ಟುಕೊಂಡಿದ್ದೇನೆ ಅಂದಳು. ಶೂಟಿಂಗ್ ಮುಗಿಯಿತು, ಎಲ್ಲರೂ ಮನೆಗೆ ಹೋದೆವು.

ಮೂರು ವಾರದ ಮೇಲೆ ಅನುಸೂಯಾ ನನ್ನನ್ನು ಮರ್ಫಿಗೆ ಕರೆಸಿಕೊಂಡಳು. ಶ್ರಾವಣಿ ಮೌನವನ್ನೇ ಇಟ್ಟುಕೊಳ್ಳುತ್ತಾಳೆ, ಫೋನಿನಲ್ಲಿ ಹೇಳಿದಳು ಅಂದಳು. ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ರೋಗದ ವಿಷಯ ಹೇಳಿಬಿಡಬೇಕು. ಆ ಮೌನ ನಟನೆಯಲ್ಲ, ಅಲ್ಲಿ ತಾನು ಇರಲೇ ಇಲ್ಲ ಎಂದು ತಿಳಿದರೆ ಶ್ರಾವಣಿ ಖಂಡಿತ ಮತ್ತೆ ತೆಗೆಯುತ್ತಾಳೆ. ಆಮೇಲೆ ಊರೆಲ್ಲ ತನ್ನ ಮುಖದಲ್ಲಿ ರೋಗ ಹುಡುಕಿದರೂ ಚಿಂತೆಯಿಲ್ಲ.

"ನಾನೇ ಹೇಳಿದ್ರೆ ನನಗೆ ನಟನೆ ಬಂದ್ಬಿಡುತ್ತೆ ಅಕ್ಕ, ಅವಳು ನಂಬಲ್ಲ. ನೀವು ಹೇಳಿ. ನನಗೆ ಆ ನಾಲ್ಕು ಸಾಲು ಇನ್ನೂ ಬರ್ತಾವೆ. ಮುಂದಿನ ತಿಂಗಳು ಬರ್ತಾವೋ ಇಲ್ವೋ."

ಅಷ್ಟು ಹೇಳಿ ನಾಲ್ಕೂ ಸಾಲನ್ನು ಒಂದು ಶಬ್ದ ತಪ್ಪದೆ ಒಪ್ಪಿಸಿದಳು, ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮರ್ಫಿಯಿಂದ ನೇರವಾಗಿ ಆಸ್ಟಿನ್ನಿಗೆ ಹೋದೆ. ಶ್ರಾವಣಿಯ ಎಡಿಟಿಂಗ್ ಕೋಣೆ ಒಂದು ಗ್ಯಾರೇಜಿನ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ, ಆಂಟಿ, ನಿಮಗೆ ಒಂದು ತೋರಿಸಬೇಕು ಎಂದು ಕೂರಿಸಿದಳು. ಊಟದ ಮೇಜಿನ ದೃಶ್ಯ. ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಇನ್ನಿಬ್ಬರು ಇದ್ದರು. ದೃಶ್ಯ ಮುಗಿದ ಮೇಲೆ ಅವಳು ಅವರಿಗೆ ನನ್ನನ್ನು ಪರಿಚಯಿಸಿದಳು. ಇವರ ಕೈಯಲ್ಲಿ ಮೈಕ್ ಇತ್ತು, ಇವರಿಗೆ ಮಾತು ಬಾಯಿಪಾಠ ಬರುತ್ತಿತ್ತು, ನಲವತ್ತೊಂದು ಸೆಕೆಂಡು ಇವರು ತಡೆದುಕೊಂಡರು, ಬೇರೆ ಯಾರಾದರೂ ಆಗಿದ್ದರೆ ಹತ್ತಕ್ಕೇ ಹೆದರಿ ಹಾಳು ಮಾಡುತ್ತಿದ್ದರು, ಈ ದೃಶ್ಯ ಉಳಿದದ್ದು ಇವರಿಂದ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು. "ಆಂಟಿ, ನಾನು ಚಿಕ್ಕವಳಿದ್ದಾಗ ನೀವು ಕರ್ಟನ್ ಹಿಂದೆ ನಿಂತಿರೋದು ನೋಡ್ತಿದ್ದೆ. ನಿಮ್ಮ ಹೆಸರು ಯಾರೂ ಹೇಳ್ತಿರಲಿಲ್ಲ. ಈ ಸಲ ನಾನು ಹೇಳ್ತೀನಿ."

ಇಪ್ಪತ್ತಾರು ವರ್ಷ ಆ ಒಂದು ಮಾತಿಗೆ ನಾನು ಕಾದಿದ್ದೆ. ಈಗ ನಾನು ಹೇಳಬೇಕಾಗಿದ್ದದ್ದು ಏನು? ನಾನು ತಡೆದುಕೊಂಡದ್ದಲ್ಲ ತಾಯಿ, ನನಗೆ ಗೊತ್ತಾಗಲಿಲ್ಲ. ಕಣ್ಣೆದುರಿಗೆ ಒಬ್ಬಳು ಮುಳುಗುತ್ತಿದ್ದರೆ ಚೆನ್ನಾಗಿ ಈಜುತ್ತಿದ್ದಾಳೆ ಎಂದು ನೋಡುತ್ತ ಕೂತಿದ್ದೆ. ಹೀಗೆ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಆ ಇಬ್ಬರು ನನ್ನನ್ನು ನೋಡುತ್ತಿದ್ದ ರೀತಿ ನೋಡಿ ಬಾಯಿ ಮುಚ್ಚಿದೆ. ಅನುಸೂಯಾಗೆ ಆ ಸಾಲುಗಳ ಮೇಲೆ ಬಹಳ ಆಸೆ ಇದೆ ಎಂದಷ್ಟೇ ಅಂದೆ. ಬರೆದವರಿಗೆಲ್ಲ ತಮ್ಮ ಸಾಲಿನ ಮೇಲೆ ಆಸೆ ಇರುತ್ತದೆ ಎಂದು ಶ್ರಾವಣಿ ನಕ್ಕಳು. ಕಾಫಿ ಕುಡಿದು ಬಂದೆ.

ಮರುದಿನ ಅನುಸೂಯಾ ಫೋನಿನಲ್ಲಿ ಕಾಯುತ್ತಿದ್ದಳು.

"ಎಲ್ಲಾ ಹೇಳಿದೆನ್ರಿ," ಅಂದೆ. "ಆದ್ರೂ ಆಕಿ ಒಪ್ಪಲಿಲ್ಲ."

"ಗೊತ್ತಿದ್ದೂ ಇಟ್ಕೊಳ್ತಾಳಾ?"

"ಹೌದ್ರಿ."

ಅವಳು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅಂದು ಫೋನ್ ಇಟ್ಟಳು. ಅವಳು ನನ್ನ ಜೊತೆ ಇಂಗ್ಲಿಷ್ ಆಡಿದ್ದು ಅದೊಂದೇ ಸಲ. ಆ ದಿನದಿಂದ ಶ್ರಾವಣಿಯ ಕರೆಗಳನ್ನು ಎತ್ತಲಿಲ್ಲ. ತನ್ನ ರೋಗವನ್ನು ಗೊತ್ತಿದ್ದೂ ಪರದೆಯ ಮೇಲೆ ತೋರಿಸಿ ಹೆಸರು ಮಾಡುವವಳು ಎಂದು ಪ್ರಶಾಂತನ ಹತ್ತಿರ ಹೇಳಿಕೊಂಡು ಅತ್ತಳಂತೆ. ಏನೂ ತಿಳಿಯದ ಶ್ರಾವಣಿ, ಆಂಟಿ, ಅವರಿಗೆ ನನ್ನ ಮೇಲೆ ಯಾಕೆ ಕೋಪ ಎಂದು ನನ್ನನ್ನೇ ಕೇಳಿದಳು. ಕಲಾವಿದರು, ಸಿಟ್ಟು ಇಳಿಯುತ್ತದೆ ಅಂದೆ. ಒಂದು ಸುಳ್ಳಿನಿಂದ ಎರಡು ಮನೆ ಹಾಳು ಮಾಡಿದವಳು ಎಂದು ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಚೂರುಪಾರು ತೆಗೆಯುವ ದಿನ ಬಂತು, ಅನುಸೂಯಾ ಹೋಗಲಿಲ್ಲ. ಅವಳಿಲ್ಲದೆ ಆಗಬೇಕಾದ್ದನ್ನು ಮುಗಿಸಿಕೊಂಡರು.

ಆರು ತಿಂಗಳಲ್ಲಿ ರೋಗ ಬಹಳ ಮುಂದೆ ಹೋಯಿತು. ವಿಷಯ ತಾನಾಗಿಯೇ ಎಲ್ಲರಿಗೂ ತಿಳಿಯಿತು. ಶೂಟಿಂಗ್ ಆದ ಮೇಲೆ ಶುರುವಾದದ್ದು ಅಂದುಕೊಂಡರು, ಪ್ರಶಾಂತ್ ಅಕ್ಕನ ಗುಟ್ಟು ಬಿಡಲಿಲ್ಲ. ನಾನು ತಿಂಗಳಿಗೊಮ್ಮೆ ಮರ್ಫಿಗೆ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಿದ್ದೆ. ಪ್ರಶಾಂತ್ ನನ್ನನ್ನು ದೇವರಂಥವರು ಅನ್ನುತ್ತಿದ್ದ. ಒಂದು ದಿನ ಧೈರ್ಯ ಮಾಡಿ, ಅವಳೊಬ್ಬಳೇ ಇದ್ದಾಗ, ನಾನು ಶ್ರಾವಣಿಗೆ ಹೇಳಲಿಲ್ಲ, ಸುಳ್ಳು ಹೇಳಿದೆ ಅಂದೆ. ಶ್ರಾವಣಿ ಯಾರು ಅಂದಳು.

ಈ ಮಾರ್ಚಿನಲ್ಲಿ ಆಸ್ಟಿನ್ನಿನಲ್ಲಿ ಚಿತ್ರದ ಮೊದಲ ಪ್ರದರ್ಶನ ಆಯಿತು, ಮಧ್ಯಾಹ್ನ ಮೂರರ ಆಟ. ಮುಂಚೆಯೇ ನೋಡಿದ ಪತ್ರಿಕೆಯವರು ಆ ನಲವತ್ತೊಂದು ಸೆಕೆಂಡನ್ನು ಹೊಗಳಿ ಬರೆದಿದ್ದರು. ಶ್ರಾವಣಿಯ ಮೇಲೆ ಸಿಟ್ಟಿದ್ದರೂ, ಅಕ್ಕನ ಚಿತ್ರವಲ್ಲವೇ ಎಂದು ಪ್ರಶಾಂತ್ ಅವಳಿಗೆ ಹಸಿರು ರೇಷ್ಮೆ ಸೀರೆ ಉಡಿಸಿ ಕರೆತಂದಿದ್ದ. ಅನುಸೂಯಾ ಬಾಗಿಲಲ್ಲಿ ನಿಂತ ಶ್ರಾವಣಿಯ ಕೆನ್ನೆ ಸವರಿ ಎಷ್ಟು ಚೆಂದದ ಹುಡುಗಿ ಅಂದಳು. ಶ್ರಾವಣಿ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಸಿಟ್ಟು ಇಳಿದಿದೆ ಎಂದುಕೊಂಡಿರಬೇಕು. ನನಗೆ ಆಗ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಕತ್ತಲಲ್ಲಿ ನನ್ನ ಪಕ್ಕ ಕೂತು ಅವಳು ತನ್ನನ್ನೇ ಯಾರೋ ಎಂಬಂತೆ ನೋಡಿದಳು. ಊಟದ ಮೇಜು ಬಂತು, ನೇಹಾ ಕೇಳಿದಳು. ಪರದೆಯ ಮೇಲಿನ ಅನುಸೂಯಾ ಸುಮ್ಮನಾದಳು. ನನ್ನ ಪಕ್ಕದವಳು ಮುಂದಕ್ಕೆ ಬಾಗಿದಳು. ಮಡಿಲಲ್ಲಿದ್ದ ಅವಳ ಕೈಯೊಳಗೆ ಹೆಬ್ಬೆರಳು ಉಂಗುರದ ಬೆರಳನ್ನು ಉಜ್ಜತೊಡಗಿತು.

ನಾನು ಅವಳ ಕಿವಿಗೆ ಬಾಗಿ ನಾಲ್ಕು ಸಾಲನ್ನೂ ಹೇಳಿದೆ. ನಿಧಾನವಾಗಿ, ಒಂದೊಂದೇ ಸಾಲು. ಮುಂದಿನ ಸಾಲಿನಲ್ಲಿ ಯಾರೋ ತಿರುಗಿ ನೋಡಿದರು. ಅವಳು ನನ್ನ ಹಿಂದೆ ಹೇಳಲಿಲ್ಲ, ಕೇಳಿಸಿಕೊಂಡಳು. ಕೇಳಿ ಮುಗಿಸಿ ತಲೆಯಾಡಿಸಿದಳು.

"ಹೌದು. ಅಮ್ಮ ಹೀಗೇ ಹೇಳಿದ್ಳು," ಅಂದಳು. "ಲೆಸ್ಟರ್‌ನಲ್ಲಿ, ಪಾತ್ರೆ ತೊಳೀತಾ. ನಾನು ಆವತ್ತೇ ಅವಳನ್ನ ಕ್ಷಮಿಸ್ಬಿಟ್ಟೆ."

ಪರದೆಯ ಮೇಲೆ ಕಥೆ ಮುಂದೆ ಹೋಗಿತ್ತು. ನಾನು ಅದನ್ನು ನೋಡಲಿಲ್ಲ. ಬಾಯಿ ಬಿಡದೆ ಸತ್ತ ತಾಯಿಗೆ ಕೊನೆಗೂ ಕ್ಷಮೆ ಸಿಕ್ಕಿತ್ತು, ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ತಪ್ಪು ಏನೆಂದು ತಿಳಿದು ನನ್ನನ್ನು ಕ್ಷಮಿಸಬಲ್ಲ ಒಬ್ಬಳೇ ಒಬ್ಬಳು ನನ್ನ ಪಕ್ಕದಲ್ಲಿ ಕೈ ಹಿಡಿದು ಕೂತಿದ್ದಳು, ಅವಳಿಗೆ ನಾನು ಮಾಡಿದ್ದೇ ಗೊತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಚಿತ್ರ ನೋಡಿ ಅಳುತ್ತಿದ್ದೇನೆ ಎಂದು ಪ್ರಶಾಂತ್ ಕರವಸ್ತ್ರ ಕೊಟ್ಟ.

ದೀಪ ಹತ್ತಿತು. ಶ್ರಾವಣಿ ವೇದಿಕೆಯ ಮೇಲೆ ನಿಂತು ಮೊದಲು ಅನುಸೂಯಾಳ ಹೆಸರು ಹೇಳಿದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಆ ಮೌನವನ್ನು ಕಾಪಾಡಿದವರು ಎಂದು ನನ್ನ ಹೆಸರು ಹೇಳಿದಳು. ವಿದ್ಯಾವತಿ ಆಂಟಿ, ಎಲ್ಲಿದ್ದೀರಿ, ಎದ್ದು ನಿಲ್ಲಿ ಅಂದಳು. ಇಡೀ ಸಭೆ ತಿರುಗಿ ಹುಡುಕಿತು. ನಾನು ಕುರ್ಚಿಯೊಳಗೆ ಕುಗ್ಗಿದೆ.

ಅನುಸೂಯಾ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಏಳಿ ಅಕ್ಕ," ಅಂದಳು. "ನಿಮ್ಮನ್ನೇ ಕರೀತಿದಾರೆ."

ನಾನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ.